ಒಬ್ಬರ ಹಂಗಿಗಿಂತ ಇಬ್ಬರ ಹಂಗು ಹಗುರ

ಪ್ರಶ್ನೆ: ಶೀತಲ ಸಮರದ ಕಾಲದಲ್ಲಿ ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶಗಳಲ್ಲಿ ಬಹಳಷ್ಟು ಅಮೆರಿಕದ ಕಡೆಗೂ ಸೇರಲಿಲ್ಲ, ಸೋವಿಯತ್ ಒಕ್ಕೂಟದ ಕಡೆಗೂ ಸೇರಲಿಲ್ಲ. ಅದು ಆದರ್ಶ ಎಂದು ಶಾಲೆಯಲ್ಲಿ ಓದಿದ್ದೆ. ಆದರೆ ಇದೇ ದೇಶಗಳು ಎರಡೂ ಕಡೆಯಿಂದ ದುಡ್ಡು, ಯಂತ್ರ, ಆಯುಧ ಎಲ್ಲ ತಗೊಂಡಿವೆ. ಇದು ಬರೀ ಜಾಣತನ ಅಲ್ವಾ? ಬಡ, ದುರ್ಬಲ ದೇಶ ಒಬ್ಬ ಬಲಶಾಲಿಯ ನೆರಳಿಗೆ ಹೋಗುವುದೇ ಕ್ಷೇಮ ತಾನೇ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ದುರ್ಬಲರು ಬಲಶಾಲಿಯ ನೆರಳು ಹುಡುಕಬೇಕು ಎನ್ನುವ ಬುದ್ಧಿಮಾತನ್ನು ತಳ್ಳಿಹಾಕಿದವರಲ್ಲಿ ಅಮೆರಿಕವೂ ಒಂದು.

ಸುಮ್ನೆ ಹೇಳುತ್ತಿಲ್ಲ. ಬ್ರಿಟನ್ನಿನಿಂದ ಬಿಡಿಸಿಕೊಳ್ಳಲು ಹೋರಾಡುತ್ತಿದ್ದ ಅಮೆರಿಕ 1778ರಲ್ಲಿ ಫ್ರಾನ್ಸ್ ಜೊತೆ ಸೇನಾ ಒಪ್ಪಂದ ಮಾಡಿಕೊಂಡಿತ್ತು. ಫ್ರಾನ್ಸಿನ ಹಡಗು, ಸೈನಿಕರು, ದುಡ್ಡು ಇಲ್ಲದೆ ಆ ಯುದ್ಧ ಗೆಲ್ಲುವುದು ಕಷ್ಟವಿತ್ತು. ಅದಾಗಿ 15 ವರ್ಷಕ್ಕೆ, 1793ರಲ್ಲಿ, ಫ್ರಾನ್ಸ್ ಮತ್ತು ಬ್ರಿಟನ್ ಮತ್ತೆ ಕಾದಾಟಕ್ಕಿಳಿದವು. ಆಗ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಏನು ಮಾಡಿದರು? ನಾವು ಯಾರ ಕಡೆಗೂ ಇಲ್ಲ ಎಂದು ಘೋಷಿಸಿದರು. ಒಪ್ಪಂದ ಇನ್ನೂ ಜೀವಂತವಾಗಿತ್ತು, ಅದನ್ನು ಮೆತ್ತಗೆ ಪಕ್ಕಕ್ಕಿಟ್ಟರು. 1796ರ ವಿದಾಯ ಸಂದೇಶದಲ್ಲೂ ಪರದೇಶಗಳ ಜೊತೆ ಕಾಯಂ ನಂಟು ಬೇಡ ಎಂದೇ ಬರೆದರು.

ಕಾರಣ ತುಂಬಾ ಸರಳ. ಸರ್ಕಾರದ ಖಜಾನೆಗೆ ಬರುತ್ತಿದ್ದ ಹಣದಲ್ಲಿ ಹೆಚ್ಚಿನ ಪಾಲು ಆಮದು ಸುಂಕ, ಅದರಲ್ಲೂ ಬ್ರಿಟನ್ನಿನ ಸರಕಿನ ಮೇಲಿನದು. ಇನ್ನೊಂದು ಕಡೆ ಜನರ ಮನಸ್ಸು ಒಡೆದಿತ್ತು. ವಾಷಿಂಗ್ಟನ್ ಸಂಪುಟದಲ್ಲೇ ಇದ್ದ ಹ್ಯಾಮಿಲ್ಟನ್ ಕಡೆಯವರು ಬ್ರಿಟನ್ ಪರ, ಜೆಫರ್ಸನ್ ಕಡೆಯವರು ಫ್ರಾನ್ಸ್ ಪರ. ಒಂದು ಬಣಕ್ಕೆ ಸೇರಿದ್ದರೆ ಹೊರಗಿನ ಯುದ್ಧ ಮನೆಯೊಳಗೆ ಬರುತ್ತಿತ್ತು.

ಈ ಕಥೆ ನೆನಪಿಟ್ಟುಕೊಂಡು 1956ಕ್ಕೆ ಬನ್ನಿ. ಅದೇ ಅಮೆರಿಕದ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್ ಜೂನ್ ತಿಂಗಳ ಒಂದು ಭಾಷಣದಲ್ಲಿ, ತಟಸ್ಥವಾಗಿರುವುದು ಹಳತಾದ ವಿಚಾರ, ಅಪರೂಪದ ಸಂದರ್ಭ ಬಿಟ್ಟರೆ ಅದು ಅನೈತಿಕ, ದೂರದೃಷ್ಟಿ ಇಲ್ಲದ್ದು ಎಂದರು. ಕೇಳಿದವರಲ್ಲಿ ಇತಿಹಾಸ ಗೊತ್ತಿದ್ದವರಿಗೆ ಒಳಗೊಳಗೇ ನಗು ಬಂದಿರಬೇಕು.

ಒಂದು ಪದದ ವಿಚಾರ ಹೇಳಿ ಮುಂದೆ ಹೋಗುತ್ತೇನೆ. ತಟಸ್ಥ ಎಂದರೆ ದಡದ ಮೇಲೆ ನಿಂತವನು. ಸ್ವಿಟ್ಜರ್ಲೆಂಡ್‌ನಂಥ ದೇಶಕ್ಕೆ ಈ ಪದ ಒಪ್ಪುತ್ತದೆ. ಯುದ್ಧ ಯಾರದೇ ಇರಲಿ, ಅದು ಸೇರುವುದಿಲ್ಲ. ನೀವು ಕೇಳುತ್ತಿರುವ ದೇಶಗಳು ದಡದಲ್ಲಿ ನಿಂತಿರಲಿಲ್ಲ, ನೀರಿನಲ್ಲೇ ಇದ್ದವು. ಪ್ರತಿಯೊಂದು ವಿಚಾರದಲ್ಲೂ ಬಾಯಿ ಬಿಟ್ಟು ಮಾತಾಡುತ್ತಿದ್ದವು, ಕೆಲವೊಮ್ಮೆ ಅತಿ ಎನಿಸುವಷ್ಟು. ಹಾಗಾಗಿ ಅವಕ್ಕೆ ಅಲಿಪ್ತ ಎಂಬ ಪದವೇ ವಾಸಿ. ಕೊರಿಯಾ ಯುದ್ಧ ನೋಡಿ. 1950ರಲ್ಲಿ ಉತ್ತರ ಕೊರಿಯಾದ್ದು ಆಕ್ರಮಣವೇ ಎಂದು ಭಾರತ ವಿಶ್ವಸಂಸ್ಥೆಯಲ್ಲಿ ಒಪ್ಪಿತು. ಆದರೆ ಕಾದಾಡುವ ಪಡೆ ಕಳಿಸಲಿಲ್ಲ, ವೈದ್ಯಕೀಯ ತುಕಡಿಯೊಂದನ್ನು ಕಳಿಸಿತು. 1953ರಲ್ಲಿ ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ಏನು ಮಾಡುವುದು ಎಂಬ ಕಗ್ಗಂಟು ಎದ್ದಾಗ, ಅದನ್ನು ಬಿಡಿಸುವ ಆಯೋಗಕ್ಕೆ ಭಾರತದ ಜನರಲ್ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ಎರಡೂ ಕಡೆಯವರು ಬೈದುಕೊಂಡೇ ಒಪ್ಪಿಕೊಂಡರು. ಯಾವುದೋ ಬಣಕ್ಕೆ ಸೇರಿದ ದೇಶಕ್ಕೆ ಆ ಕೆಲಸ ಸಿಗುತ್ತಿರಲಿಲ್ಲ.

ಈಗ ಮುಖ್ಯ ವಿಚಾರ. ಯಾಕೆ ಸೇರಲಿಲ್ಲ?

ಸೇರಿ ಎಂದು ಕರೆಯುತ್ತಿದ್ದವರು ಯಾರು ಎಂದು ಮೊದಲು ನೋಡಿ. 1949ರಲ್ಲಿ ಅಮೆರಿಕ ಮುಂದಾಳುತನದ ಸೇನಾ ಕೂಟ ನ್ಯಾಟೋ ಹುಟ್ಟಿತು. ಅಮೆರಿಕದ ಪಕ್ಕ ಯಾರು ಕೂತಿದ್ದರು? ಬ್ರಿಟನ್, ಫ್ರಾನ್ಸ್, ನೆದರ್ಲೆಂಡ್ಸ್, ಬೆಲ್ಜಿಯಂ, ಪೋರ್ಚುಗಲ್. ಅಂದರೆ ನಿನ್ನೆ ಮೊನ್ನೆಯವರೆಗೆ ನಿಮ್ಮನ್ನು ಆಳಿದವರು, ಇಲ್ಲವೇ ನಿಮ್ಮ ನೆರೆಮನೆಯನ್ನು ಇನ್ನೂ ಆಳುತ್ತಿರುವವರು. ಗೋವಾ, ಅಂಗೋಲ ಪೋರ್ಚುಗಲ್ ಕೈಯಲ್ಲಿದ್ದವು, ಅಲ್ಜೀರಿಯಾ ಫ್ರಾನ್ಸ್ ಕೈಯಲ್ಲಿತ್ತು. ಹಳೆಯ ಯಜಮಾನರನ್ನು ಮುಂಬಾಗಿಲಿನಿಂದ ಕಳಿಸಿ ಹಿತ್ತಿಲ ಬಾಗಿಲಿನಿಂದ ಮಿತ್ರರೆಂದು ಒಳಗೆ ಕರೆದ ಹಾಗೆ ಆಗುತ್ತಿತ್ತು. ಇದನ್ನು ಜನರಿಗೆ ಯಾವ ನಾಯಕ ಒಪ್ಪಿಸಬಲ್ಲ? 1960ರ ಡಿಸೆಂಬರ್ 14ರಂದು ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕು ಎಂಬ ಘೋಷಣೆ ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂತು. ಪರವಾಗಿ 89 ಮತ, ವಿರುದ್ಧ ಒಂದೂ ಇಲ್ಲ, ದೂರ ಉಳಿದವರು 9. ಆ ಒಂಬತ್ತರಲ್ಲಿ ಅಮೆರಿಕವೂ ಇತ್ತು.

ಹಾಗಾದರೆ ಮಾಸ್ಕೋ ಕಡೆಗೆ ಹೋಗಬಹುದಿತ್ತಲ್ಲ? ಅಲ್ಲಿಯೂ ಬಾಗಿಲು ತೆರೆದಿರಲಿಲ್ಲ. 1947ರಿಂದ ಸೋವಿಯತ್ ನಾಯಕರದ್ದು ಎರಡೇ ಬಣದ ಲೆಕ್ಕ: ನಮ್ಮವರು, ನಮ್ಮ ವೈರಿಗಳು. ನೆಹರೂ, ಇಂಡೊನೇಷ್ಯಾದ ಅಧ್ಯಕ್ಷ ಸುಕಾರ್ನೋ ಅಂಥವರನ್ನು ಸ್ಟಾಲಿನ್ ಕಾಲದ ಮಾಸ್ಕೋ ಸಾಮ್ರಾಜ್ಯಶಾಹಿಗಳ ಬಾಲಂಗೋಚಿಗಳ ಹಾಗೆ ಕಂಡಿತು. ಅದಕ್ಕಿಂತ ದೊಡ್ಡ ತಲೆನೋವು, ಇವರದೇ ಮನೆಯಲ್ಲಿ ಕಮ್ಯುನಿಸ್ಟ್ ಬಂಡಾಯ ನಡೆಯುತ್ತಿತ್ತು. ಬರ್ಮಾದಲ್ಲಿ 1948ರ ಮಾರ್ಚ್‌ನಲ್ಲಿ, ಇಂಡೊನೇಷ್ಯಾದ ಮದಿಯೂನ್‌ನಲ್ಲಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಭಾರತದಲ್ಲಿ ತೆಲಂಗಾಣ. ಸ್ಟಾಲಿನ್ 1953ರಲ್ಲಿ ತೀರಿಕೊಂಡ ಮೇಲೆಯೇ ಗಾಳಿ ಬದಲಾಯಿತು. 1955ರ ಕೊನೆಗೆ ಕ್ರುಶ್ಚೇವ್ ಮತ್ತು ಬುಲ್ಗಾನಿನ್ ಭಾರತ, ಬರ್ಮಾ, ಆಫ್ಘಾನಿಸ್ತಾನ ಸುತ್ತಿದರು.

ಅತ್ತ ದರಿ, ಇತ್ತ ಪುಲಿ. ಇದನ್ನು ಚೆನ್ನಾಗಿ ಹೇಳಿದವರು ಇಂಡೊನೇಷ್ಯಾದ ಆಗಿನ ಪ್ರಧಾನಿ ಮೊಹಮ್ಮದ್ ಹಟ್ಟಾ. 1948ರ ಸೆಪ್ಟೆಂಬರ್ 2ರಂದು ಅವರು ಮಾಡಿದ ಭಾಷಣ ಎರಡು ಬಂಡೆಗಳ ನಡುವೆ ದೋಣಿ ನಡೆಸುವುದು ಎಂಬ ಮಾತಿನಿಂದ ಹೆಸರಾಗಿದೆ. ಡಚ್ಚರು ಇನ್ನೂ ದೇಶ ಬಿಟ್ಟಿರಲಿಲ್ಲ. ಎಡಪಕ್ಷಗಳು ಸೋವಿಯತ್ ಪರ ನಿಲ್ಲಿ ಎಂದು ಒತ್ತಾಯ ಮಾಡುತ್ತಿದ್ದವು. ಹಟ್ಟಾ ಕೇಳಿದ್ದು ಇಷ್ಟೇ: ನಾವು ರಷ್ಯಾ ಪರ, ಇಲ್ಲ ಅಮೆರಿಕ ಪರ ಎಂದೇ ಇರಬೇಕೇ? ನಮ್ಮದೇ ಆದ ನಿಲುವು ಇರಬಾರದೇ? ಭಾಷಣವಾಗಿ ಹದಿನಾರೇ ದಿನಕ್ಕೆ ಮದಿಯೂನ್ ಬಂಡಾಯ ಎದ್ದಿತು.

ಇಂಡೊನೇಷ್ಯಾದ್ದೇ ಇನ್ನೊಂದು ಘಟನೆ ಇದೆ. ನಿಮ್ಮ ಪ್ರಶ್ನೆಗೆ ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ, ಆದರೂ ಅದರ ಸುದ್ದಿ ಎತ್ತುವವರು ಕಡಿಮೆ. 1951ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು. ನಮ್ಮ ನೆರವು ಬೇಕಿದ್ದರೆ ಮುಕ್ತ ಜಗತ್ತಿನ ರಕ್ಷಣಾ ಬಲಕ್ಕೆ ನೀವೂ ಕೈಜೋಡಿಸಬೇಕು ಎಂಬ ಷರತ್ತು ಅದರಲ್ಲಿತ್ತು. ಇಂಡೊನೇಷ್ಯಾದ ವಿದೇಶಾಂಗ ಸಚಿವ ಸುಬಾರ್ಜೋ 1952ರ ಜನವರಿಯಲ್ಲಿ ಸದ್ದಿಲ್ಲದೆ ಇದಕ್ಕೆ ಸಹಿ ಹಾಕಿಬಿಟ್ಟರು. ಸುದ್ದಿ ಹೊರಬಿತ್ತು. ಆಳುವ ಕೂಟದ ಪಕ್ಷಗಳೇ ತಿರುಗಿಬಿದ್ದವು. ಮೊದಲು ಸುಬಾರ್ಜೋ ರಾಜೀನಾಮೆ, ಫೆಬ್ರವರಿಯಲ್ಲಿ ಪ್ರಧಾನಿ ಸುಕಿಮಾನ್ ಅವರ ಇಡೀ ಸಂಪುಟವೇ ಉರುಳಿತು.

ಗಮನಿಸಿ, ಅಲ್ಲಿ ಸೇನಾ ನೆಲೆ ಕೊಟ್ಟಿರಲಿಲ್ಲ, ಸೈನಿಕರನ್ನು ಕಳಿಸಿರಲಿಲ್ಲ. ಒಂದು ಸಾಲಿನ ಷರತ್ತು, ಅಷ್ಟೇ. ಅಷ್ಟಕ್ಕೇ ಸರ್ಕಾರ ಬಿತ್ತು. ಹೊಸ ದೇಶದ ಒಳಗೆ ಎಷ್ಟು ಬಗೆಯ ಜನ ಇರುತ್ತಾರೆ ಯೋಚಿಸಿ. ಧಾರ್ಮಿಕ ಪಕ್ಷ, ಎಡಪಕ್ಷ, ರಾಷ್ಟ್ರೀಯವಾದಿಗಳು, ಸೇನೆ, ತಮ್ಮದೇ ಭಾಷೆ ಮತ್ತು ಪ್ರಾಂತದ ಲೆಕ್ಕ ಇಟ್ಟುಕೊಂಡವರು. ಪರಕೀಯರನ್ನು ಓಡಿಸುವ ಒಂದೇ ಕೆಲಸಕ್ಕೆ ಇವರೆಲ್ಲ ಒಟ್ಟಾಗಿದ್ದರು. ಆ ಕೆಲಸ ಮುಗಿದ ಮೇಲೆ ಒಗ್ಗಟ್ಟಿನ ದಾರ ತೆಳ್ಳಗಾಗುತ್ತದೆ. ಅದರ ಮೇಲೆ ವಾಷಿಂಗ್ಟನ್ನೋ ಮಾಸ್ಕೋನೋ ಎಂಬ ಭಾರ ಹೇರಿದರೆ ಉಳಿಯುವುದಿಲ್ಲ. ಯಾರ ಕಡೆಗೂ ಇಲ್ಲ ಎನ್ನುವುದು ಎಲ್ಲರೂ ಹೇಗೋ ಸಹಿಸಿಕೊಳ್ಳಬಹುದಾದ ಒಂದೇ ನಿಲುವಾಗಿತ್ತು. ವಿದೇಶಾಂಗ ನೀತಿಯ ಪುಸ್ತಕಗಳು ನಕ್ಷೆ, ಒಪ್ಪಂದಗಳನ್ನೇ ನೋಡುತ್ತಾ ಮನೆಯೊಳಗಿನ ಈ ಕಾರಣವನ್ನು ಮರೆಯುತ್ತವೆ. ಹಟ್ಟಾ ಅವರ ಎರಡು ಬಂಡೆಗಳು ಸಮುದ್ರದಲ್ಲಿ ಮಾತ್ರ ಇರಲಿಲ್ಲ, ದೋಣಿಯ ಒಳಗೂ ಇದ್ದವು.

ಬರ್ಮಾಕ್ಕೆ ಇನ್ನೂ ನೇರವಾದ ಕಾರಣವಿತ್ತು: ಚೀನಾದ ಗಡಿ. ಚೀನಾದಲ್ಲಿ ಮಾವೋ ಕಮ್ಯುನಿಸ್ಟರಿಗೆ ಸೋತ ಕುಮಿಂಟಾಂಗ್ ಪಕ್ಷದ ಸೈನಿಕರು ಬರ್ಮಾದ ಶಾನ್ ಪ್ರಾಂತಕ್ಕೆ ನುಗ್ಗಿ ಬೀಡುಬಿಟ್ಟರು. ಅವರಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆಂಬಲವಿತ್ತು. ಇವರ ನೆಪದಲ್ಲಿ ಮಾವೋ ಸೇನೆ ಒಳಗೆ ಬಂದರೆ ಗತಿಯೇನು ಎಂಬ ಭಯ ಪ್ರಧಾನಿ ಊ ನು ಅವರದ್ದು. 1953ರಲ್ಲಿ ಬರ್ಮಾ ನಿಮ್ಮ ನೆರವು ಸಾಕು ಎಂದು ಅಮೆರಿಕಕ್ಕೇ ಹೇಳಿತು. ಬಡ ದೇಶವೊಂದು ಬರುವ ದುಡ್ಡು ಬೇಡ ಎಂದಿದ್ದನ್ನು ಜಾಣತನ ಎಂದು ಕರೆಯುವುದು ಕಷ್ಟ ಅಲ್ವಾ?

ಹಾಗಂತ ದುಡ್ಡಿನ ಮಾತು ಸುಳ್ಳಲ್ಲ. ಎರಡೂ ಕಡೆಯಿಂದ ತಗೊಂಡರು, ಖಂಡಿತ ತಗೊಂಡರು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸಾಲ ಕೊಡುವ ಒಬ್ಬನ ಹತ್ತಿರವೇ ಹೋಗುವವನಿಗೆ ಬಡ್ಡಿ ಗೊತ್ತುಮಾಡುವವನು ಅವನೇ. ಇನ್ನೊಬ್ಬ ಸಾಲ ಕೊಡಲು ಕಾದಿದ್ದಾನೆ ಎಂದರೆ ಮಾತಿನ ಧಾಟಿ ಬದಲಾಗುತ್ತದೆ. ಭಾರತದ ಉಕ್ಕಿನ ಕಾರ್ಖಾನೆಗಳನ್ನೇ ನೋಡಿ. 1955ರ ಫೆಬ್ರವರಿಯಲ್ಲಿ ಭಿಲಾಯಿಗೆ ಸೋವಿಯತ್ ಒಕ್ಕೂಟ ಶೇಕಡ 2.5 ಬಡ್ಡಿಗೆ ಸಾಲ ಕೊಡಲು ಒಪ್ಪಿತು. ರೂರ್ಕೆಲಾ ಪಶ್ಚಿಮ ಜರ್ಮನಿಯ ಕಂಪನಿಗಳ ಜೊತೆ, ದುರ್ಗಾಪುರ ಬ್ರಿಟನ್ ಜೊತೆ. ಶುರುವಿನಲ್ಲಿ ಮೂರಕ್ಕೂ ವರ್ಷಕ್ಕೆ 10 ಲಕ್ಷ ಟನ್ ಗುರಿ. ಅದೇ ಹೊತ್ತಿಗೆ ಗೋಧಿ ಅಮೆರಿಕದಿಂದ ಬರುತ್ತಿತ್ತು.

ಈಜಿಪ್ಟಿನ ಅಸ್ವಾನ್ ಅಣೆಕಟ್ಟಿನ ಕಥೆ ಇದಕ್ಕಿಂತ ರೋಚಕ, ಅಪಾಯವೂ ಜಾಸ್ತಿ. 1955ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ನಾಯಕ ನಾಸರ್ ಚೆಕೊಸ್ಲೊವಾಕಿಯಾ ಮೂಲಕ ಸೋವಿಯತ್ ಆಯುಧ ಕೊಳ್ಳಲು ಒಪ್ಪಂದ ಮಾಡಿಕೊಂಡರು. ಪಶ್ಚಿಮದವರು ಬೆಚ್ಚಿಬಿದ್ದು ಡಿಸೆಂಬರ್‌ನಲ್ಲಿ ಅಣೆಕಟ್ಟಿಗೆ ಹಣ ಕೊಡುತ್ತೇವೆ ಎಂದರು. ಅಮೆರಿಕ 5.6 ಕೋಟಿ ಡಾಲರ್, ಬ್ರಿಟನ್ 1.4 ಕೋಟಿ, ವಿಶ್ವಬ್ಯಾಂಕ್ 20 ಕೋಟಿ. ಇಲ್ಲಿಯವರೆಗೆ ನಾಸರ್ ಲೆಕ್ಕ ಸರಿಯಾಗಿತ್ತು. 1956ರ ಮೇ ತಿಂಗಳಲ್ಲಿ ಅವರು ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ಕೊಟ್ಟರು. ಜುಲೈ 19ರಂದು ಡಲ್ಲೆಸ್ ಹಣ ಇಲ್ಲ ಎಂದುಬಿಟ್ಟರು. ಒಂದು ವಾರಕ್ಕೆ, ಜುಲೈ 26ರಂದು, ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ ಕೊನೆಗೆ ಇಸ್ರೇಲ್, ಅದರ ಹಿಂದೆಯೇ ಬ್ರಿಟನ್ ಮತ್ತು ಫ್ರಾನ್ಸ್ ದಾಳಿ ಮಾಡಿದವು.

ಆಗ ಈಜಿಪ್ಟನ್ನು ಉಳಿಸಿದ್ದು ಯಾರು? ಅಮೆರಿಕ ಮತ್ತು ಸೋವಿಯತ್ ಒಕ್ಕೂಟ, ಇಬ್ಬರೂ. ನಿಲ್ಲಿಸಿ ಎಂದು ಇಬ್ಬರೂ ಒತ್ತಾಯಿಸಿದರು. ಅಧ್ಯಕ್ಷ ಐಸೆನ್‌ಹೋವರ್ ಬ್ರಿಟನ್ನಿನ ಪೌಂಡ್ ಕುಸಿಯುತ್ತಿದ್ದರೂ ಕೈಹಿಡಿಯಲಿಲ್ಲ. ನಾಸರ್ ಸೇನೆ ರಣರಂಗದಲ್ಲಿ ಸೋತಿತು, ಆದರೆ ಕಾಲುವೆ ಅವರ ಕೈಯಲ್ಲೇ ಉಳಿಯಿತು. ಅಣೆಕಟ್ಟಿಗೆ 1958ರಲ್ಲಿ ಸೋವಿಯತ್ ಸಾಲ ಬಂತು. 1960ರಲ್ಲಿ ಕೆಲಸ ಶುರುವಾಗಿ 1970ರಲ್ಲಿ ಮುಗಿಯಿತು. ಮಜಾ ಏನೆಂದರೆ, ಸೋವಿಯತ್ ಸಾಲಕ್ಕೆ ಸಹಿ ಬಿದ್ದ ಕೆಲವೇ ದಿನಗಳಲ್ಲಿ, 1959ರ ಹೊಸ ವರ್ಷಕ್ಕೆ, ನಾಸರ್ ತಮ್ಮ ದೇಶದ ಕಮ್ಯುನಿಸ್ಟರನ್ನು ಹಿಡಿದು ಜೈಲಿಗೆ ಹಾಕಿಸಿದರು.

ಇದನ್ನೇ ನಾನು ಇಬ್ಬರ ಹಂಗು ಹಗುರ ಎನ್ನುವುದು. ಗಿನಿ ದೇಶದ್ದೂ ಇದೇ ಬಗೆ. 1958ರ ಸೆಪ್ಟೆಂಬರ್ 28ರ ಮತದಾನದಲ್ಲಿ ಫ್ರಾನ್ಸ್ ಮುಂದಾಳುತನದ ಕೂಟದಲ್ಲಿ ಉಳಿಯುವುದು ಬೇಡ ಎಂದ ಒಂದೇ ಆಫ್ರಿಕನ್ ವಸಾಹತು ಅದು. ಸಿಟ್ಟಿಗೆದ್ದ ಫ್ರೆಂಚ್ ಅಧಿಕಾರಿಗಳು ಹೋಗುವಾಗ ಟೆಲಿಫೋನ್‌ಗಳನ್ನೂ ಕಿತ್ತುಕೊಂಡು ಹೋದರಂತೆ. ಗಿನಿಯ ನಾಯಕ ಸೆಕು ಟುರೆ ಸೋವಿಯತ್ ನೆರವು ಪಡೆದರು. ಎಲ್ಲರೂ, ಇವರು ಮಾಸ್ಕೋ ಪಾಲಾದರು ಎಂದುಕೊಂಡರು. 1961ರ ಡಿಸೆಂಬರ್‌ನಲ್ಲಿ ಒಳಗಿನ ರಾಜಕೀಯದಲ್ಲಿ ಕೈಯಾಡಿಸಿದ ಆರೋಪದ ಮೇಲೆ ಅದೇ ಟುರೆ ಸೋವಿಯತ್ ರಾಯಭಾರಿಯನ್ನು ಹೊರಗೆ ಕಳಿಸಿದರು. ಮರುವರ್ಷ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು. ಸೋವಿಯತ್ ನೆರವಿನಿಂದ ದೊಡ್ಡದಾಗಿದ್ದ ಗಿನಿಯ ರಾಜಧಾನಿ ಕೊನಾಕ್ರಿಯ ವಿಮಾನ ನಿಲ್ದಾಣದಲ್ಲಿ ಕ್ಯೂಬಾಕ್ಕೆ ಹೋಗುವ ಸೋವಿಯತ್ ವಿಮಾನಗಳಿಗೇ ಇಳಿಯಲು ಅನುಮತಿ ಸಿಗಲಿಲ್ಲ.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. 1964ರಲ್ಲಿ ಟ್ಯಾಂಗನಿಕ ಮತ್ತು ಜಾಂಜಿಬಾರ್ ಸೇರಿ ಟಾಂಜಾನಿಯಾ ಆಯಿತು. ಜಾಂಜಿಬಾರ್‌ನಲ್ಲಿ ಸೋವಿಯತ್ ಬಣದ ಪೂರ್ವ ಜರ್ಮನಿಯ ರಾಯಭಾರ ಕಚೇರಿ ಇತ್ತು. ಅದನ್ನು ಮುಚ್ಚಿ ಎಂದು ಪಶ್ಚಿಮ ಜರ್ಮನಿ ಪಟ್ಟುಹಿಡಿಯಿತು. ಅಧ್ಯಕ್ಷ ನ್ಯೆರೆರೆ ರಾಯಭಾರ ಕಚೇರಿ ಬೇಡ, ಕಾನ್ಸುಲೇಟ್ ಇರಲಿ ಎಂದು ನಡುದಾರಿ ಹುಡುಕಿದರು. ಪಶ್ಚಿಮ ಜರ್ಮನಿ 1965ರ ಫೆಬ್ರವರಿಯಲ್ಲಿ ಸೇನಾ ನೆರವು ಹಿಂತೆಗೆಯಿತು. ನ್ಯೆರೆರೆ, ಹಾಗಾದರೆ ನಿಮ್ಮ ಉಳಿದ ಸರ್ಕಾರಿ ನೆರವನ್ನೂ ತಗೊಂಡು ಹೋಗಿ ಎಂದರು. ಅದೇ ವರ್ಷದ ಕೊನೆಗೆ ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಬಿಳಿಯರ ಸರ್ಕಾರದ ವಿಚಾರದಲ್ಲಿ ಬ್ರಿಟನ್ ಸಂಬಂಧ ಕಡಿದುಕೊಂಡು 75 ಲಕ್ಷ ಪೌಂಡ್ ಸಾಲವನ್ನೂ ಕಳಕೊಂಡರು. ನೆಂಟರು ನಮ್ಮ ಶತ್ರುಗಳನ್ನು ಗೊತ್ತುಮಾಡಬಾರದು ಎನ್ನುವುದು ಅವರ ಹಟ. ನಾನು ಆ ಜಾಗದಲ್ಲಿದ್ದರೆ ಅಷ್ಟು ಧೈರ್ಯ ಮಾಡುತ್ತಿದ್ದೆನೋ ಇಲ್ಲವೋ.

ಎಲ್ಲರಿಗೂ ಈ ಅವಕಾಶ ಸಿಗಲಿಲ್ಲ ಎನ್ನುವುದೂ ನಿಜ. ಲಾವೋಸ್ ತಟಸ್ಥವಾಗಿರಲಿ ಎಂದು 1962ರ ಜುಲೈನಲ್ಲಿ ಜಿನಿವಾದಲ್ಲಿ 14 ದೇಶಗಳು ಸಹಿ ಮಾಡಿದವು, ಎರಡೂ ಮಹಾಶಕ್ತಿಗಳು ಸೇರಿ. ಕಾಗದ ಕಾಗದವಾಗಿಯೇ ಉಳಿಯಿತು. ಉತ್ತರ ವಿಯೆಟ್ನಾಮಿನ ಹೋ ಚಿ ಮಿನ್ ದಾರಿ ಲಾವೋಸ್ ಮೂಲಕವೇ ಹಾದುಹೋಗಿತ್ತು. 1964ರಿಂದ 1973ರವರೆಗೆ ಅಮೆರಿಕ ಅಲ್ಲಿ ಸುರಿಸಿದ ಬಾಂಬುಗಳು 20 ಲಕ್ಷ ಟನ್‌ಗಿಂತ ಜಾಸ್ತಿ. ಕಾಂಗೋ 1960ರ ಜೂನ್ 30ರಂದು ಸ್ವತಂತ್ರವಾಯಿತು. ಪ್ರಧಾನಿ ಲುಮುಂಬಾ ಮೊದಲು ವಿಶ್ವಸಂಸ್ಥೆಯನ್ನು, ಅಮೆರಿಕವನ್ನು ಕೇಳಿದರು. ಬೇಕಾದಂತೆ ಸಿಗದೆ ಸೋವಿಯತ್ ಕಡೆ ನೋಡಿದರು. ಮರುವರ್ಷ ಜನವರಿ 17ರಂದು ಅವರನ್ನು ಕೊಲ್ಲಲಾಯಿತು. ಯಾರ ಕಡೆಗೂ ಇಲ್ಲ ಎಂದು ಹೇಳಿದರೆ ಸಾಲದು, ಆ ಮಾತನ್ನು ಉಳಿಸಿಕೊಳ್ಳುವ ಸರ್ಕಾರ, ಸೇನೆ ಮತ್ತು ಸ್ವಲ್ಪ ಅದೃಷ್ಟದ ಭೂಗೋಳ ಬೇಕು.

ಸರಿ, ಬಣ ಸೇರಿದವರಿಗೆ ನೆರಳು ಸಿಕ್ಕಿತೇ? ಪಾಕಿಸ್ತಾನ ಪಶ್ಚಿಮದವರ ಎರಡು ಸೇನಾ ಕೂಟ ಸೇರಿತು: 1954ರಲ್ಲಿ ಸಿಯಾಟೋ, 1955ರಲ್ಲಿ ಬಾಗ್ದಾದ್ ಒಪ್ಪಂದ. ಆಯುಧ ಬಂತು, ಹಣ ಬಂತು, ಅದನ್ನು ಅಲ್ಲಗಳೆಯಲಾಗದು. ಆದರೆ 1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಹೊಡೆದುರುಳಿಸಿದ ಅಮೆರಿಕದ ಯು-2 ಬೇಹು ವಿಮಾನ ಹೊರಟಿದ್ದು ಪೇಶಾವರದಿಂದ. ಕ್ರುಶ್ಚೇವ್ ಬೆದರಿಕೆ ಪಾಕಿಸ್ತಾನಕ್ಕೇ ಬಂತು. ಜಗಳ ಯಾರದೋ, ಗುರಿಯಾಗಿದ್ದು ಇವರ ಊರು. 1965ರ ಯುದ್ಧದಲ್ಲಿ ಅಮೆರಿಕ ಎರಡೂ ದೇಶಗಳಿಗೆ ಆಯುಧ ನಿಲ್ಲಿಸಿತು. ಹೆಚ್ಚು ಪೆಟ್ಟಾಗಿದ್ದು ಅಮೆರಿಕದ ಆಯುಧವನ್ನೇ ನೆಚ್ಚಿಕೊಂಡಿದ್ದ ಪಾಕಿಸ್ತಾನಕ್ಕೆ. 1979ರಲ್ಲಿ ಅದೂ ಅಲಿಪ್ತ ಕೂಟಕ್ಕೆ ಬಂತು. ಇರಾಕ್ ಕಥೆ ಇನ್ನೂ ಚಿಕ್ಕದು. ಬಾಗ್ದಾದ್ ಒಪ್ಪಂದಕ್ಕೆ ಹೆಸರು ಕೊಟ್ಟ ಆ ನಗರದಲ್ಲಿ 1958ರಲ್ಲಿ ಕ್ರಾಂತಿಯಾಗಿ ರಾಜ ಸತ್ತ. ಮರುವರ್ಷ ಇರಾಕ್ ಒಪ್ಪಂದದಿಂದ ಹೊರಗೆ ಬಂತು.

ಅಲಿಪ್ತರನ್ನು ಹೊಗಳಿ ಅಟ್ಟಕ್ಕೇರಿಸುವ ಇರಾದೆ ನನಗಿಲ್ಲ. ಅವರ ತಕ್ಕಡಿ ಆಗಾಗ ವಾಲಿದ್ದು ನಿಜ. 1956ರಲ್ಲಿ ಸೂಯೆಜ್ ಬಗ್ಗೆ ಭಾರತ ಎತ್ತಿದ ದನಿ, ಅದೇ ವಾರಗಳಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೆರಿಗೆ ನುಗ್ಗಿದಾಗ ಅಷ್ಟು ಬೇಗ, ಅಷ್ಟು ಗಟ್ಟಿಯಾಗಿ ಏಳಲಿಲ್ಲ. 1961ರ ಸೆಪ್ಟೆಂಬರ್ 1ರಂದು ಯುಗೊಸ್ಲಾವಿಯಾದ ಬೆಲ್‌ಗ್ರೇಡ್‌ನಲ್ಲಿ 25 ದೇಶಗಳ ಮೊದಲ ಅಲಿಪ್ತ ಶೃಂಗಸಭೆ ಶುರುವಾದ ದಿನವೇ ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷೆ ಮತ್ತೆ ಆರಂಭಿಸಿತು. ಸಭೆಯ ಖಂಡನೆ ಮೆತ್ತಗಿತ್ತು. ಅದಕ್ಕೆ ಮುಂಚೆ ಏಷ್ಯಾ, ಆಫ್ರಿಕಾ ದೇಶಗಳು ಸೇರಿದ್ದ 1955ರ ಬಾಂಡುಂಗ್ ಸಮ್ಮೇಳನದಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ಪ್ರಧಾನಿ ಕೊಟೆಲಾವಲ, ಪೂರ್ವ ಯುರೋಪಿನಲ್ಲಿ ಸೋವಿಯತ್ ಒಕ್ಕೂಟ ಮಾಡುತ್ತಿರುವುದೂ ವಸಾಹತುಶಾಹಿಯೇ ಅಲ್ಲವೇ ಎಂದು ಕೇಳಿದಾಗ ಸಭೆಯಲ್ಲಿ ಕಸಿವಿಸಿಯಾಯಿತು. ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಭಾರತದ ನೀತಿಗೂ ಕಠಿಣ ಪರೀಕ್ಷೆ ಬಂತು. 1962ರ ನವೆಂಬರ್‌ನಲ್ಲಿ ಚೀನಾ ಸೇನೆ ಮುನ್ನುಗ್ಗುತ್ತಿದ್ದಾಗ ನೆಹರೂ ಅಧ್ಯಕ್ಷ ಕೆನಡಿಗೆ ಪತ್ರ ಬರೆದು ವಾಯುಪಡೆಯ ನೆರವು ಕೇಳಿದರು. ಅಲಿಪ್ತ ನೀತಿ ಅಂದೇ ಸತ್ತಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಮೆರಿಕದ ಆಯುಧ ಬಂದಿಳಿಯಿತು, ಮುಂದಿನ ವರ್ಷ ಸೋವಿಯತ್ ಮಿಗ್-21 ವಿಮಾನಗಳೂ ಬಂದವು. ಬಣ ಸೇರಿದ ದೇಶಕ್ಕೆ ಇಬ್ಬರೂ ಹೀಗೆ ಕೊಡುತ್ತಿರಲಿಲ್ಲ. 1971ರ ಆಗಸ್ಟ್ 9ರ ಭಾರತ-ಸೋವಿಯತ್ ಒಪ್ಪಂದದ ಬಗ್ಗೆ ಕೇಳಿದರೆ ಮಾತ್ರ ನಾನು ಅಷ್ಟು ಗಟ್ಟಿಯಾಗಿ ವಾದಿಸಲಾರೆ. ತಕ್ಕಡಿ ಆಗ ನಿಜವಾಗಿಯೂ ಒಂದು ಕಡೆಗೆ ಬಾಗಿತು.

ಇವತ್ತಿಗೂ ಇದೆಲ್ಲ ಲೆಕ್ಕಕ್ಕೆ ಬರುತ್ತದೆಯೇ ಎಂದು ನೀವು ಮುಂದೆ ಕೇಳಬಹುದು, ಅದನ್ನೂ ಹೇಳಿಬಿಡುತ್ತೇನೆ. 2022ರ ಮಾರ್ಚ್ 2ರಂದು ಉಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಮುಂದೆ ಬಂತು. 141 ಪರ, 5 ವಿರುದ್ಧ, 35 ದೂರ. ಬೆಲ್‌ಗ್ರೇಡ್ ಸಭೆಯ ಐವರು ಹಿರಿಯರೆಂದರೆ ಯುಗೊಸ್ಲಾವಿಯಾದ ಟಿಟೊ, ನೆಹರೂ, ನಾಸರ್, ಘಾನಾದ ಎನ್‌ಕ್ರುಮಾ, ಸುಕಾರ್ನೋ. ಅವರ ದೇಶಗಳು ಅಂದು ಏನು ಮಾಡಿದವು ನೋಡಿ. ಈಜಿಪ್ಟ್, ಘಾನಾ, ಇಂಡೊನೇಷ್ಯಾ ಖಂಡನೆಯ ಪರ ಮತ ಹಾಕಿದವು. ಟಿಟೊ ಅವರ ಯುಗೊಸ್ಲಾವಿಯಾ ಈಗಿಲ್ಲ, ಬೆಲ್‌ಗ್ರೇಡ್ ಇರುವ ಸರ್ಬಿಯಾವೂ ಪರವಾಗಿಯೇ ಮತ ಹಾಕಿತು. ಭಾರತ ದೂರ ಉಳಿಯಿತು. ಭಾರತದ ಜೊತೆ ದೂರ ಉಳಿದವರ ಪಟ್ಟಿಯಲ್ಲಿ ಪಾಕಿಸ್ತಾನದ ಹೆಸರೂ ಇದೆ.